ಕಬ್ಬಿಣ ಉದುರಿದ ಮೇಲೆ

ಹನ್ನೆರಡು ವರ್ಷದ ಮಕ್ಕಳಿಗೆಂದು ಬರೆದ ಪುಸ್ತಕಗಳನ್ನು ನಾನು ಮೂವತ್ತು ತುಂಬಿದ ಮೇಲೂ ಕದ್ದು ಓದುತ್ತಿದ್ದೆ. ಕದ್ದು ಎಂದರೆ ಕೇಸ್‌ಶೀಟುಗಳ ನಡುವೆ ಇಟ್ಟುಕೊಂಡು. ಆಗ ಹನೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಹನ್ನೆರಡು ಮಂಚ, ಒಬ್ಬರೇ ಡಾಕ್ಟರು, ಹಗಲಿಗೆ ನಾನು. ತೊಂಬತ್ತರ ದಶಕ ಅರ್ಧ ಕಳೆದಿತ್ತು.

ಒಂದು ವಾರದಲ್ಲಿ ನಾನು ತೊಳೆದು ಕಟ್ಟುತ್ತಿದ್ದ ಗಾಯಗಳನ್ನು ಹೇಳಿದರೆ ಸಾಕು, ಆ ಕಾಲ ಎಂಥದೆಂದು ಗೊತ್ತಾಗುತ್ತದೆ. ಕಾಡುಹಂದಿಗೆಂದು ಹೊಲದ ಬದುವಿನಲ್ಲಿಟ್ಟ ಸಿಡಿಮದ್ದಿನ ಉಂಡೆಯನ್ನು ಏನೋ ಎಂದುಕೊಂಡು ಎತ್ತಿದವನ ಅಂಗೈ. ಕರಿಕಲ್ಲಿನ ಕ್ವಾರಿಯಲ್ಲಿ ಸಿಡಿದ ಚೂರು ನೆಟ್ಟ ಕಣ್ಣು. ಜೇನಿಗೆ ಹೋಗಿ ಕರಡಿಯ ಕೈಗೆ ಸಿಕ್ಕವನ ನೆತ್ತಿ. ನೀರಿನ ಸರದಿಗೆ ಜಗಳವಾಡಿದ ಅಣ್ಣತಮ್ಮಂದಿರಲ್ಲಿ ಅಣ್ಣ ತಮ್ಮನ ಕಿವಿಯನ್ನೇ ಕಚ್ಚಿ ತುಂಡರಿಸಿದ್ದ. ತಮ್ಮ ಆ ತುಂಡನ್ನು ಎಲೆ ಅಡಿಕೆ ಚೀಲದಲ್ಲಿ ತಂದು, "ಅಂಟ್ಸಿ ಸಾ" ಎಂದು ಡಾಕ್ಟರ ಮೇಜಿನ ಮೇಲಿಟ್ಟ. ಇವೆಲ್ಲ ಊರಿನ ಗಾಯಗಳು. ಕಾಡಿನೊಳಗೆ ಪೊಲೀಸರಿಗೂ ಗಂಧದ ಕಳ್ಳರಿಗೂ ಬೇರೆಯದೇ ಯುದ್ಧ ನಡೆದಿತ್ತು. ಜೀಪುಗಳು ಕೌದಳ್ಳಿ ಕಡೆ ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಯಾರು ಯಾರನ್ನು ಕೊಂದರು ಎಂಬ ಸುದ್ದಿ ಮೂರು ಬಗೆಯಲ್ಲಿ ಬರುತ್ತಿತ್ತು. ಮೂರರಲ್ಲೂ ಹೆಣ ಇರುತ್ತಿತ್ತು.

ಇಷ್ಟರ ನಡುವೆ ಕೂತು ನಾನು ಓದುತ್ತಿದ್ದದ್ದು ಲೋಕವೇ ಹಾಳಾಗಿ ಹೋದ ಮೇಲಿನ ಕಥೆಗಳನ್ನು, ಅದೂ ಮಕ್ಕಳವನ್ನು. ಡಾಕ್ಟರು ಒಮ್ಮೆ ಕೇಸ್‌ಶೀಟಿನೊಳಗಿನ ಪುಸ್ತಕ ಕಂಡು, "ಸಿಸ್ಟರ್, ನಿಮಗೆ ಇಲ್ಲಿ ಕಾಣೋದು ಸಾಲದಾ?" ಎಂದು ಕೇಳಿದ್ದರು. ನಾನು ಪುಸ್ತಕ ಮುಚ್ಚಿ ಸಿರಿಂಜು ಕುದಿಸಲು ಎದ್ದೆ.

ಈ ಚಟ ಹತ್ತಿದ್ದು ಯಳಂದೂರಿನಲ್ಲಿ, ಎಂಬತ್ತರ ದಶಕ ಶುರುವಾದಾಗ. ನನಗೆ ಹದಿನಾಲ್ಕು. ಅಪ್ಪ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಹರಿದುಹೋದ ಮಿಷಿನ್ ಬೆಲ್ಟಿನ ಒಂದು ತುಂಡನ್ನು ಮನೆಗೆ ತಂದು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದರು. ಕುಡಿದು ಬಂದ ಸಂಜೆ ಅದು ಕೈಗೆ ಬರುತ್ತಿತ್ತು. ಮೊದಲು ಅವ್ವನಿಗೆ, ಅಡ್ಡ ಬಂದರೆ ನನಗೆ. ಅವ್ವನ ಬೆನ್ನಿನ ಮೇಲೆ ಬೆಲ್ಟಿನ ಹಲ್ಲುಗಳ ಗುರುತು ಸಾಲಾಗಿ ಮೂಡುತ್ತಿತ್ತು. ನಾನು ಅಟ್ಟ ಹತ್ತಿ, ಏಣಿ ಮೇಲೆಳೆದುಕೊಂಡು, ಯಾರದೋ ಮನೆಯಿಂದ ತಂದ ಮಕ್ಕಳ ಮಾಸಪತ್ರಿಕೆಗಳನ್ನು ಓದುತ್ತಿದ್ದೆ. ಅದರಲ್ಲೊಂದು ಧಾರಾವಾಹಿ: ಒಂದು ದಿನ ಬಿಸಿಲು ಕಪ್ಪಾಗಿ ಊರಿನ ದೊಡ್ಡವರೆಲ್ಲ ಕೂತಲ್ಲೇ ಸತ್ತು, ಮೂವರು ಮಕ್ಕಳು ಮಾತ್ರ ಉಳಿಯುತ್ತಾರೆ. ಕೆಳಗೆ ಬಳೆ ಒಡೆಯುವ ಸದ್ದು, ಮೇಲೆ ಆ ಮೂವರು ಬೆಂಕಿಪೊಟ್ಟಣ ಹುಡುಕುತ್ತಿದ್ದರು.

ಇಂಥ ಕಥೆಗಳಲ್ಲಿ ಲೋಕ ಮುಗಿಯುವುದಕ್ಕೆ ಎರಡೇ ಪುಟ ಸಾಕು. ಲಕ್ಷಗಟ್ಟಲೆ ಜನ ಸತ್ತರೂ ಯಾರೂ ಅಳುತ್ತ ಕೂರುವುದಿಲ್ಲ. ಮೂರನೆಯ ಪುಟದಿಂದ ನಿಜವಾದ ಕೆಲಸ: ನೀರು ಎಲ್ಲಿದೆ, ಯಾವ ಕಾಯಿ ತಿನ್ನಬಹುದು, ಮಲಗುವುದು ಎಲ್ಲಿ. ದೊಡ್ಡವರಿಗೆಂದು ಬರೆದ ಕಾದಂಬರಿಗಳಲ್ಲಿ ಮನೆ ಮುರಿಯಲು ಮುನ್ನೂರು ಪುಟ ಬೇಕು, ಕೊನೆಗೂ ಎಲ್ಲರೂ ಅದೇ ಮನೆಯಲ್ಲಿರುತ್ತಾರೆ. ಮಕ್ಕಳ ಕಥೆಯಲ್ಲಿ ಮುರಿದದ್ದು ಮುರಿಯಿತು. ಯಾರ ಹೆಂಡದ ವಾಸನೆಯೂ ಬಾಗಿಲಿಗೆ ಬಂದು ನಿಲ್ಲುವುದಿಲ್ಲ. ಆ ಸುಖ ನನಗೆ ಅಟ್ಟದ ಮೇಲೆ ಸಿಕ್ಕಿತು. ನರ್ಸಿಂಗ್ ಓದುತ್ತಿದ್ದಾಗ ಅಪ್ಪ ತೀರಿಕೊಂಡರು. ಈ ಕಥೆಗಳ ಚಟ ಮಾತ್ರ ಬಿಡಲಿಲ್ಲ.

ಈಗ ಹೇಳಹೊರಟಿರುವ ಪುಸ್ತಕ ಸಿಕ್ಕಿದ್ದು ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಹತ್ತಿರದ ರದ್ದಿ ಅಂಗಡಿಯಲ್ಲಿ. ರಟ್ಟಿಲ್ಲ, ಮೊದಲ ಹಾಳೆ ಇಲ್ಲ, ಹೆಸರಾಗಲಿ ಬರೆದವರಾಗಲಿ ಗೊತ್ತಿಲ್ಲ. ಒಂದು ದಿನ ಗಾಳಿಯಲ್ಲಿ ಹಳದಿ ಧೂಳು ಬರುತ್ತದೆ. ಏಳು ದಿನದಲ್ಲಿ ಲೋಕದ ಕಬ್ಬಿಣವೆಲ್ಲ ಪುಡಿಯಾಗಿ ಉದುರಿಹೋಗುತ್ತದೆ. ಬಸ್ಸುಗಳು ರಸ್ತೆಯಲ್ಲೇ ಕುಸಿಯುತ್ತವೆ, ಸೇತುವೆಗಳು ನದಿಗೆ ಬೀಳುತ್ತವೆ. ಅನ್ನ ಹುಡುಕಿ ಪಟ್ಟಣಕ್ಕೆ ಹೋದ ದೊಡ್ಡವರು ಮರಳುವುದಿಲ್ಲ. ಬೆಟ್ಟದ ಊರೊಂದರಲ್ಲಿ ಹನ್ನೊಂದು ಮಕ್ಕಳು ಉಳಿಯುತ್ತಾರೆ. ಅವರಲ್ಲಿ ದೊಡ್ಡವಳು ಹದಿಮೂರರ ಒಬ್ಬಳು ಹುಡುಗಿ.

ಆ ಪುಸ್ತಕದ ಇಪ್ಪತ್ತನೆಯ ಪುಟದಲ್ಲಿದ್ದಾಗ ಆಸ್ಪತ್ರೆಗೆ ಒಬ್ಬಳನ್ನು ತಂದರು. ಕೌದಳ್ಳಿಯಿಂದ ಆಚೆಗಿನ ಒಂದು ಹಳ್ಳಿಯವಳು, ಇಪ್ಪತ್ತೆಂಟರ ಆಸುಪಾಸು. ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ನಡುವೆ ಮಲಗಿಸಿದ್ದರು. ವ್ಯಾನಿನ ಹಲಗೆಯ ಮೇಲೆ ಚೆಲ್ಲಿದ ಹಾಲೂ ರಕ್ತವೂ ಬೆರೆತು ಹರಿಯುತ್ತಿತ್ತು. ಜೊತೆಯಲ್ಲಿದ್ದವಳು ತಾಯಿ ಒಬ್ಬಳೇ. ಗಂಡ ಮಚ್ಚಿನಲ್ಲಿ ಹೊಡೆದಿದ್ದ. ನೆತ್ತಿಯ ಮೇಲೊಂದು, ಭುಜದ ಮೇಲೊಂದು, ತಲೆ ಉಳಿಸಿಕೊಳ್ಳಲು ಎತ್ತಿದ ಎಡಗೈ ಮೇಲೆ ಎರಡು. ಕಿರುಬೆರಳು ಇರಲೇ ಇಲ್ಲ. ಉಂಗುರದ ಬೆರಳು ಚರ್ಮದಲ್ಲಿ ಜೋತಾಡುತ್ತಿತ್ತು.

ಮೈಸೂರಿಗೆ ಕಳಿಸಬೇಕಾದ ಕೇಸು. ಆದರೆ ನಾಡಿ ಸಿಗುತ್ತಿರಲಿಲ್ಲ. "ದಾರೀಲೇ ಹೋಗಿಬಿಡ್ತಾಳೆ, ಇಲ್ಲೇ ಮಾಡೋಣ" ಎಂದರು ಡಾಕ್ಟರು. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮೂರು ಗಂಟೆ ಹೊಲಿದೆವು. ಜೋತಾಡುತ್ತಿದ್ದ ಬೆರಳನ್ನು ಡಾಕ್ಟರು ಕತ್ತರಿಸಿ ಟ್ರೇಗೆ ಹಾಕಿದರು. ಅದರಲ್ಲಿ ತಾಮ್ರದ ಉಂಗುರವಿತ್ತು. ನಾನು ಅದನ್ನು ತೆಗೆದು ತೊಳೆದು ತಾಯಿಯ ಕೈಗೆ ಕೊಟ್ಟೆ. ಅವಳು ಕಿಟಕಿಯಾಚೆಗೆ ಎಸೆದುಬಿಟ್ಟಳು.

ಮೂರನೆಯ ದಿನ ಮಧ್ಯಾಹ್ನ ಅವಳು ಮೊದಲ ಸಲ ಸರಿಯಾಗಿ ಮಾತಾಡಿದಳು.

"ಅದೇನ ಓದ್ತಿದ್ದರಿ ಸಿಸ್ಟ್ರಮ್ಮ, ಒಬ್ರೇ ನಗಾಡ್ಕಂಡು?"

"ಏನಿಲ್ಲ ಕಣವ್ವ, ಮಕ್ಕಳ ಕಥೆ."

"ನಿಮ್ಗ ಮಕ್ಳಿದ್ದವಾ?"

"ಇಲ್ಲ. ಮದುವೇನೂ ಆಗಿಲ್ಲ."

"ಬಚಾವಾದ್ರಿ ಬುಡಿ" ಎಂದಳು. ಆಮೇಲೆ, "ಜೋರಾಗಿ ಓದಿ. ನೋವು ತಡಿಯಕ್ಕಾಯ್ತಿಲ್ಲ" ಎಂದಳು.

ನನಗೆ ನಾಚಿಕೆಯಾಯಿತು. ಆದರೂ ಮೊದಲಿನಿಂದ ಓದತೊಡಗಿದೆ. ಹಳದಿ ಧೂಳು ಬಂತು, ಬೀಗಗಳು ಉದುರಿದವು, ದೊಡ್ಡವರು ಹೊರಟುಹೋದರು. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಒಂದು ಕಡೆ ತಟ್ಟನೆ ಕಣ್ಣು ತೆರೆದಳು.

"ತಡೀರಿ. ಎಲ್ಲ ಕಬ್ಣಾನೂ ಉದ್ರೋಯ್ತಾ? ಮಚ್ಚು?"

"ಮಚ್ಚೂ."

"ಕುಡ್ಲು? ಕೊಡ್ಲಿ?"

"ಎಲ್ಲ."

ಅವಳು ನಗಲು ಶುರುಮಾಡಿದಳು. ನಕ್ಕ ರಭಸಕ್ಕೆ ಭುಜದ ಹೊಲಿಗೆಯಿಂದ ರಕ್ತ ಜಿನುಗಿ ಬ್ಯಾಂಡೇಜು ಕೆಂಪಾಯಿತು. ನಗಬೇಡ ಎಂದರೂ ಕೇಳಲಿಲ್ಲ. "ಆ ಗಂಡಸ್ರು ಮಚ್ಚೆತ್ತುತಾವರ, ಕೈಲಿ ಬರೀ ಮರದ ಇಡಿ, ಬೂದಿ ಸುರುದಂಗ ಸುರೀತದ" ಎಂದು ತಾನೇ ಕಥೆ ಕಟ್ಟಿಕೊಂಡು ನಕ್ಕಳು. ತಾಯಿ ಮೂಲೆಯಲ್ಲಿ ಕೂತಿದ್ದವಳು ಮಗಳಿಗೆ ತಲೆ ಕೆಟ್ಟಿತು ಎಂದು ಅಳತೊಡಗಿದಳು.

ಅಂದಿನಿಂದ ದಿನಾ ಮಧ್ಯಾಹ್ನ ಹೊರರೋಗಿಗಳು ಮುಗಿದ ಮೇಲೆ ಒಂದು ಅಧ್ಯಾಯ. ನಾನು ಡ್ರೆಸ್ಸಿಂಗ್ ಬಿಚ್ಚುವಾಗ ಅವಳು ಹಲ್ಲು ಕಚ್ಚಿ, "ಅದ್ಯಾಯ ಕೊಡ್ತಿನಿ ಅಂದ್ರ ತಡ್ಕತಿನಿ" ಎನ್ನುತ್ತಿದ್ದಳು. ನನ್ನ ಹಾಗೆಯೇ ಅವಳಿಗೂ ಸತ್ತವರ ಬಗ್ಗೆ ಕರುಣೆ ಇರಲಿಲ್ಲ. ಇಷ್ಟು ವರ್ಷ ಒಬ್ಬಳೇ ಅನುಭವಿಸಿದ್ದನ್ನು ಹಂಚಿಕೊಳ್ಳಲು ಒಬ್ಬಳು ಸಿಕ್ಕಳು ಅನ್ನಿಸಿತು. ಓದು ಬಾರದ, ಮೂರು ಬೆರಳಿನ ಕೈಯವಳು.

ಹೊಡೆತಕ್ಕೆ ಕಾರಣವನ್ನೂ ಅವಳು ಹೀಗೆಯೇ, ಅಧ್ಯಾಯಗಳ ನಡುವೆ ಹೇಳಿದಳು. ಅವಳು ಅವನಿಗೆ ಹೇಳದೆ ಎರಡು ದಿನ ತಾಯಿಯ ಮನೆಗೆ ಹೋಗಿದ್ದಳು. ಬಂದಾಗ ಅವನು ಜಗುಲಿಯ ಮೇಲೆ ಮಚ್ಚು ಮಸೆಯುತ್ತ ಕೂತಿದ್ದ. ಕಾಯಿ ಕೀಳಲು ಹೋಗುವವನು, ದಿನಾ ಮಸೆಯುವುದೇ. ಅವಳು ನೀರು ಸೇದಿ ತಂದು ಬಿಂದಿಗೆ ಇಳಿಸಲು ಬಗ್ಗಿದಾಗ ಮೊದಲ ಏಟು ಬಿತ್ತು. "ಬೈಲೂ ಇಲ್ಲ ಕಣ್ರಮ್ಮ. ಮಾತೇ ಆಡ್ಲಿಲ್ಲ" ಎಂದಳು. ಬೈಯದೆ ಹೊಡೆದದ್ದೇ ಅವಳಿಗೆ ಅರ್ಥವಾಗದ ವಿಷಯವಾಗಿತ್ತು.

ಎಂಟನೆಯ ದಿನ ಕಲ್ಲಿನ ಅಧ್ಯಾಯ ಬಂತು. ಬೆಟ್ಟದ ಊರಿಗೆ ಉಳಿದದ್ದು ಒಂದೇ ಬುಗ್ಗೆ. ಒಬ್ಬ ಹುಡುಗ ಅದರ ಬಾಯಿಗೆ ಕೂತು, ತನ್ನ ಮಾತು ಕೇಳಿದವರಿಗಷ್ಟೇ ನೀರು ಎನ್ನುತ್ತಾನೆ. ಒಂದು ಮಗು ಬಾಯಾರಿ ಸಾಯುತ್ತದೆ. ಮರುದಿನ ಉಳಿದವರೆಲ್ಲ ಕಲ್ಲು ಹಿಡಿದು ಹೋಗುತ್ತಾರೆ. ಮೊದಲ ಕಲ್ಲು ಎಸೆಯುವವಳು ಹದಿಮೂರರ ಆ ಹುಡುಗಿ. ಹುಡುಗ ಬಿದ್ದ ಮೇಲೂ ಎಸೆಯುತ್ತಲೇ ಇರುತ್ತಾರೆ. ಮಕ್ಕಳ ಪುಸ್ತಕಕ್ಕೆ ಅದು ಹೆಚ್ಚೇ ಆಯಿತು, ಆದರೂ ನಾನು ಉಸಿರು ಬಿಗಿಹಿಡಿದು ಓದಿದೆ. ಸುಳ್ಳು ಯಾಕೆ, ರುಚಿ ಹತ್ತಿಸಿಕೊಂಡೇ ಓದಿದೆ.

"ಸಾಯ್ಲಿ" ಎಂದಳು ಅವಳು.

ಮಾರನೆಯ ದಿನ ಗಂಡ ಬಂದ.

ಮಧ್ಯಾಹ್ನ ಒಂದೂವರೆ ಇರಬಹುದು. ಡಾಕ್ಟರು ಊಟಕ್ಕೆ ಹೋಗಿದ್ದರು, ತಾಯಿ ಗಂಜಿ ತರಲು ಹೋಗಿದ್ದಳು. ಅವನನ್ನು ನಾನು ಕಂಡಿರಲಿಲ್ಲ. ಒಂದು ಚಿಪ್ಪು ಬಾಳೆಹಣ್ಣು, ಒಂದು ಬ್ರೆಡ್ಡು ಹಿಡಿದು ಬಂದ ಸಣಕಲು ಮನುಷ್ಯ. ಪೊಲೀಸರಿಗೆ ಸಿಗದೆ ಎಲ್ಲೋ ಇದ್ದವನು. ಮಂಚದ ಪಕ್ಕ ನೆಲದ ಮೇಲೆ ಕೂತು ಅಳತೊಡಗಿದ. ಅವಳು ಗೋಡೆಯ ಕಡೆ ತಿರುಗಿದಳು. ಆಗ ನನಗೆ ಯಾರೆಂದು ಗೊತ್ತಾಯಿತು.

"ಆಚೆ ನಡಿಯಪ್ಪ" ಎಂದೆ.

"ಒಂದ್ ಮಾತು ಸಿಸ್ಟ್ರೇ, ಒಂದೇ ಮಾತು" ಎಂದು ಕೈಮುಗಿದ. ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದ. ಯಾರ ಕೈಲೋ ಬರೆಸಿದ್ದ. ಕಾಯಿ ಕೀಳುವಾಗ ಮಚ್ಚು ಕೈಜಾರಿ ಮರದಿಂದ ಅವಳ ಮೇಲೆ ಬಿತ್ತು ಎಂದು. ನಾಲ್ಕು ಸಲ ಬಿತ್ತೇ ಎಂದು ಕೇಳಬೇಕೆನಿಸಿತು. "ಇದ್ಕ ಎಬ್ಬೆಟ್ಟು ಒತ್ತು. ಕರ್ಕಂಡೋಯ್ತಿನಿ ಮನಗ" ಎಂದ.

"ಒತ್ತಲ್ಲ" ಎಂದಳು, ಗೋಡೆಗೇ ಮುಖ ಮಾಡಿ.

ಅವನು ಎದ್ದ. ಈ ಸಲವೂ ಬೈಯಲಿಲ್ಲ. ಅವಳ ತಲೆಯ ಬ್ಯಾಂಡೇಜಿಗೇ ಕೈ ಹಾಕಿ ಹಿಡಿದು ಮಂಚದಿಂದ ಎಳೆದ. ಹೊಲಿಗೆ ಬಿಚ್ಚಿಕೊಂಡದ್ದು ನನಗೆ ಕಂಡಿತು. ಅವಳು ಕಿರುಚಿದ್ದು ಹೊರಗಿನ ರಸ್ತೆಗೂ ಕೇಳಿರಬೇಕು. ಬಲಗೈ ಹೆಬ್ಬೆರಳನ್ನು ಹಿಡಿದು, ಅವಳದೇ ರಕ್ತಕ್ಕೆ ಒತ್ತಿ, ಕಾಗದದ ಕಡೆ ಎಳೆಯುತ್ತಿದ್ದ.

ಗ್ಲೂಕೋಸ್ ಬಾಟಲಿ ನೇತುಹಾಕುವ ಕಬ್ಬಿಣದ ಸ್ಟ್ಯಾಂಡು ಪಕ್ಕದ ಖಾಲಿ ಮಂಚದ ಹತ್ತಿರವಿತ್ತು. ಎತ್ತಿ ಹೊಡೆದೆ. ಮೊದಲ ಏಟು ಕುತ್ತಿಗೆಯ ಬುಡಕ್ಕೆ ಬಿತ್ತು, ಮೂಳೆ ಮುರಿದ ಸದ್ದು ಕೇಳಿಸಿತು. ಅವನು ಕೈ ಬಿಟ್ಟು ಕುಸಿದ. ಅಲ್ಲಿಗೆ ಸಾಕಿತ್ತು. ಎರಡನೆಯದು ಹಣೆಗೆ ಹೊಡೆದೆ. ಹುಬ್ಬಿನ ಮೇಲೆ ಹರಿದು ರಕ್ತ ಕಣ್ಣಿಗೆ ಇಳಿಯಿತು. "ಬುಡಿ ತಾಯಿ, ಬುಡಿ ತಾಯಿ" ಎನ್ನುತ್ತಿದ್ದ. ನಾನು ಬಿಡಲಿಲ್ಲ. ಮುದುರಿಕೊಂಡಿದ್ದವನ ಬೆನ್ನಿಗೆ, ಪಕ್ಕೆಗೆ, ಕಾಲಿಗೆ ಹೊಡೆದೆ. ಎಷ್ಟು ಹೊಡೆದೆನೋ ತಿಳಿಯದು. ಕೊನೆಗೆ ಊಟದ ಕೈಯಲ್ಲೇ ಓಡಿಬಂದ ಡಾಕ್ಟರು ಸ್ಟ್ಯಾಂಡು ಕಿತ್ತುಕೊಂಡರು.

ಹೊಡೆಯುವಾಗ ನನಗೆ ಕೋಪವಿತ್ತೆಂದು ಹೇಳಿದರೆ ಅರ್ಧ ಮಾತ್ರ ನಿಜ. ಸಂತೋಷವಿತ್ತು. ಅಟ್ಟದ ಮೇಲೆ ಕೂತು ಓದುವಾಗ ಆಗುತ್ತಿದ್ದಂಥದೇ, ಆದರೆ ತೋಳಿನೊಳಗೆ. ನನ್ನ ಅಪ್ಪನಿಗೂ ಸಂಜೆಗಳಲ್ಲಿ ಆಗುತ್ತಿದ್ದದ್ದು ಇದೇ ಇರಬಹುದು ಎಂಬ ಯೋಚನೆ ಬಂದದ್ದು ಆಮೇಲೆ, ಕೈ ತೊಳೆಯುವಾಗ.

ಡಾಕ್ಟರು ಮೊದಲು ಅವಳ ನೆತ್ತಿಯನ್ನು ಮತ್ತೆ ಹೊಲಿದರು. ನನ್ನ ಕಡೆ ನೋಡದೆ, "ಅವನದು ನೀವೇ ಹೊಲೀರಿ. ಹೊಡೆದೋರು ನೀವು ತಾನೆ" ಎಂದರು. ಸೂಜಿಗೆ ದಾರ ಹಾಕಿ ಅವನ ಮುಂದೆ ಕೂತೆ. ಮರಗಟ್ಟುವ ಇಂಜೆಕ್ಷನ್ ಕೊಡದೆ ಹೊಲಿಯಬಹುದು ಎಂದು ಒಂದು ಗಳಿಗೆ ಅನ್ನಿಸಿತು. ಕೊಟ್ಟೆ. ಹುಬ್ಬಿನ ಮೇಲೆ ಆರು ಹೊಲಿಗೆ ಬಿತ್ತು. ಅಷ್ಟು ಹೊತ್ತೂ ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಹೆದರಿದ ದನದ ಕಣ್ಣು. ಅಷ್ಟು ಹತ್ತಿರದಿಂದ ನನ್ನನ್ನು ಯಾರೂ ಹಾಗೆ ಹೆದರಿ ನೋಡಿರಲಿಲ್ಲ.

ಮುರಿದ ಕಾಲರ್ ಮೂಳೆಗೆ ಕಟ್ಟು ಹಾಕಿ, ಸ್ಟೇಷನ್ನಿಗೆ ಹೇಳಿಕಳಿಸಿದೆವು. ಅವನ ಕೇಸ್‌ಶೀಟಿನಲ್ಲಿ ಡಾಕ್ಟರು "ಮೆಟ್ಟಿಲಿಂದ ಬಿದ್ದು ಪೆಟ್ಟಾಗಿದೆ" ಎಂದು ಬರೆದರು. ಆ ಆಸ್ಪತ್ರೆಗೆ ಮೆಟ್ಟಿಲೇ ಇರಲಿಲ್ಲ. "ನಿಮ್ಮ ಕೆಲಸ ಉಳೀಬೇಕಲ್ಲ ಸಿಸ್ಟರ್" ಎಂದರು. ನಾನು ಕೆಳಗೆ ಸಹಿ ಹಾಕಿದೆ. ಬಂದ ಪೇದೆ ಅದನ್ನು ಓದಿ, ನೆಲ ನೋಡಿ, ಬಾಗಿಲು ನೋಡಿ, ಹಾಗೇ ಬರೆದುಕೊಂಡ. ಅವಳು ಮಾತ್ರ ತನ್ನ ಹೇಳಿಕೆಯನ್ನು ಒಂದಕ್ಷರ ಬಿಡದೆ ಕೊಟ್ಟಳು. ಬಿಂದಿಗೆ, ಬಗ್ಗಿದ್ದು, ನಾಲ್ಕು ಏಟು. ಶುದ್ಧ ಮಸಿಯಲ್ಲಿ ಹೆಬ್ಬೆಟ್ಟು ಒತ್ತಿದಳು.

ಎರಡು ದಿನ ನಾನು ಪುಸ್ತಕ ಮುಟ್ಟಲಿಲ್ಲ. ಮೂರನೆಯ ದಿನ ಅವಳೇ ಕರೆದಳು.

"ಯಾಕ್ರಮ್ಮ, ಕತ ನಿಂತೋಯ್ತಾ?"

"ಮನಸ್ಸಿಲ್ಲ ಕಣವ್ವ."

"ಆ ಕಲ್ಲಿಂದು ಇನ್ನೊಂದ್ ಸತಿ ಓದಿ."

ಓದಿದೆ. ಮೊದಲು ಓದಿದ ಹಾಗೆ ಬಾಯಿಗೆ ಬರಲಿಲ್ಲ. ಬಿದ್ದ ಹುಡುಗನ ಮೇಲೆ ಕಲ್ಲು ಬೀಳುವ ಸಾಲುಗಳಲ್ಲಿ ನಾಲಗೆ ತೊಡರಿತು. ಅವಳು ಕೇಳಿ ಮುಗಿಸಿ ನನ್ನ ಕಡೆ ಹೊರಳಿದಳು.

"ಅಂವ ನೀರ್ ಕೊಡ್ನಿಲ್ಲ, ಸಾಯ್ಸುದ್ರು. ಸರಿ. ಆಮ್ಯಾಕ ನೀರ್ನ ಯಾರ್ ಕಾದ್ರು?"

"ಸಾಯಿಸಿದವರೇ."

"ಅದಾ ನೋಡಿ" ಎಂದಳು. ನನ್ನನ್ನು ಉದ್ದೇಶಿಸಿ ಹೇಳಿದಳೋ, ಬರೀ ಕಥೆಯ ಮಾತೋ ಇವತ್ತಿಗೂ ಗೊತ್ತಿಲ್ಲ.

ಉಳಿದ ಅಧ್ಯಾಯಗಳನ್ನು ನಾಲ್ಕು ದಿನದಲ್ಲಿ ಮುಗಿಸಿದೆವು. ಕೊನೆಯಲ್ಲಿ ಗುಂಪಿನ ಅತಿ ಚಿಕ್ಕ ಮಗು ಬೆಳೆದು, ಬುಗ್ಗೆಯ ಹತ್ತಿರದ ಕಲ್ಲುರಾಶಿ ಏನೆಂದು ಆ ಹುಡುಗಿಯನ್ನು ಕೇಳುತ್ತದೆ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ. ಮಗು ಎದ್ದು ದೂರ ಹೋಗಿ ಕೂರುತ್ತದೆ, ಸಂಜೆ ಮರಳಿ ಬರುತ್ತದೆ. ಅಷ್ಟೇ, ಮುಗಿಯಿತು. ಮೆಟ್ಟಿಲಿಲ್ಲದ ಆಸ್ಪತ್ರೆಯ ಮೆಟ್ಟಿಲು ನೆನಪಾಗುತ್ತಿತ್ತು. ಡಾಕ್ಟರ ಹತ್ತಿರ ಹೋಗಿ ಕೇಸ್‌ಶೀಟು ತಿದ್ದಿಸಬೇಕೆಂದು ಎರಡು ಸಲ ಅವರ ಬಾಗಿಲವರೆಗೆ ಹೋದೆ. ಎರಡು ಸಲವೂ ಸಿರಿಂಜಿನ ಲೆಕ್ಕ ಕೇಳಿ ಹಿಂದಿರುಗಿದೆ. ಅವನಿಗೆ ಏಟು ಬಿದ್ದದ್ದು ನನ್ನಿಂದ ಎಂದು ಬರೆಯುತ್ತಿರುವುದು ಇದೇ ಮೊದಲು.

ಅವಳು ಗುಣವಾಗಿ ತಾಯಿಯ ಜೊತೆ ಯಳಂದೂರಿನ ಕಡೆ ಅಕ್ಕನ ಮನೆಗೆ ಹೋದಳು, ಗಂಡನ ಮನೆಗಲ್ಲ. ಅವನು ಕೆಲವು ತಿಂಗಳು ಜೈಲಿನಲ್ಲಿದ್ದ ಎಂದು ಕೇಳಿದೆ. ಆಮೇಲೆ ಹನೂರಿನ ಸಂತೆಯಲ್ಲಿ ಒಮ್ಮೆ ಎದುರಾದ. ಎಡ ಭುಜ ಕೆಳಗಿಳಿದಿತ್ತು. ನನ್ನನ್ನು ಕಂಡು ದಾರಿ ಬಿಟ್ಟು ಚರಂಡಿಯಾಚೆಗೆ ದಾಟಿ ನಿಂತ. ನಾನು ಕೊಳ್ಳೇಗಾಲಕ್ಕೆ ಕೆಲಸ ಬದಲಿಸಿದ್ದಕ್ಕೆ ಬೇರೆ ಕಾರಣಗಳಿದ್ದವು, ಅದೂ ಒಂದು.

ಅವಳು ಮತ್ತೆ ಸಿಕ್ಕಿದ್ದು ಎರಡು ಸಾವಿರದ ನಾಲ್ಕರಲ್ಲಿ, ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ. ಯಳಂದೂರಿನ ಬಸ್ಸಿಗೆ ಕಾಯುತ್ತಿದ್ದಳು. ನೆತ್ತಿಯ ಗಾಯದ ಮೇಲೆ ಕೂದಲು ಬಂದಿರಲಿಲ್ಲ, ಸೆರಗು ಹೊದ್ದಿದ್ದಳು. ಮೂರು ಬೆರಳಲ್ಲೇ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತೇನೆ ಎಂದು ಕೈ ತೋರಿಸಿದಳು. ಗಂಡ ಸತ್ತನಂತೆ. ನನ್ನ ಮುಖ ನೋಡಿ ತಾನೇ, "ನಿಮ್ಮೇಟಿಂದಲ್ಲ ಬುಡಿ. ಕುಡ್ದು ಕುಡ್ದು" ಎಂದಳು.

"ಈಗ್ಲೂ ಓದ್ತಿದ್ದರಾ?" ಎಂದು ಕೇಳಿದಳು.

ಓದುತ್ತಿದ್ದೆ. ಹೊಸದೊಂದರಲ್ಲಿ ಸಮುದ್ರ ಉಕ್ಕಿ ಊರುಗಳೆಲ್ಲ ಮುಳುಗಿ, ಒಂದು ಗುಡ್ಡದ ಮೇಲೆ ಅಣ್ಣ ತಂಗಿ ಇಬ್ಬರು ಉಳಿದಿದ್ದರು. ಬೆಂಚಿನ ಮೇಲೆ ಕೂತು ಹೇಳತೊಡಗಿದೆ. ಎಷ್ಟು ಜನ ಸತ್ತರು ಎಂದು ಅವಳು ಕೇಳಿದಳು; ಎಲ್ಲರೂ ಎಂದೆ; ಸಮಾಧಾನದಿಂದ ತಲೆಯಾಡಿಸಿದಳು. ಅಣ್ಣ ದೋಣಿ ಕಟ್ಟಿದ, ಮೀನು ಹಿಡಿದ, ಕಳ್ಳರನ್ನು ಕೊಂದ. ತಂಗಿ ಮೀನು ಬೇಯಿಸಿದಳು ಎಂಬಲ್ಲಿಗೆ ಬಂದಾಗ ಅವಳು ಕೈಯೆತ್ತಿ ನಿಲ್ಲಿಸಿದಳು.

"ಲೋಕಾನೇ ಮುಳ್ಗೋದ್ರೂ ಒಲ ಉರಿ ಮುಂದ ಕೂತಿರಾಳು ಎಣ್ಮಗಳೇಯಾ?"

ನನಗೆ ಅದು ಹೊಳೆದೇ ಇರಲಿಲ್ಲ. ಇಷ್ಟು ವರ್ಷ, ಇಷ್ಟೊಂದು ಪುಸ್ತಕ.

"ಬರ್ದಂವ ಗಂಡ್ಸು ಕಣ್ರಮ್ಮ" ಎಂದು ಎದ್ದಳು. ಬಸ್ಸು ಬಂದಿತ್ತು.